ಶಿಕ್ಷಕ ನಾಯಕತ್ವ: ಮೈಸೂರು ಸೀಮೆಯ ಶಾಲೆಗಳು

ಶಿಕ್ಷಕ ನಾಯಕತ್ವ: ತರಗತಿಯಲ್ಲಿ ಪಾಠ ಹೇಳುವ ಶಿಕ್ಷಕರು ಆ ಕೆಲಸವನ್ನು ಬಿಡದೆಯೇ, ಜೊತೆಯವರ ಬೋಧನೆ, ಶಾಲೆಯ ದಿನಚರಿ, ಪಾಠದ ಸಾಮಗ್ರಿ, ಊರಿನೊಡನೆ ಶಾಲೆಗಿರುವ ನಂಟು ಇವುಗಳನ್ನು ಸುಧಾರಿಸುವ ಹೊಣೆಯನ್ನೂ ಹೊರುವುದು. ಇದು ಹುದ್ದೆಯಲ್ಲ. ಮುಖ್ಯ ಶಿಕ್ಷಕರ ಕುರ್ಚಿಯಲ್ಲಿ ಕೂತವರಲ್ಲಿ ಇದು ಇರಬಹುದು, ಇಲ್ಲದೆಯೂ ಇರಬಹುದು. ಎರಡನೆಯ ತರಗತಿಯ ಸಹಶಿಕ್ಷಕಿಯೊಬ್ಬರಲ್ಲಿ ತುಂಬಿಕೊಂಡಿರಬಹುದು. ಆಡಳಿತದ ಅಧಿಕಾರ ಮೇಲಿನಿಂದ ಬರುತ್ತದೆ. ಈ ನಾಯಕತ್ವ ಜೊತೆಯವರ ಒಪ್ಪಿಗೆಯಿಂದ ಬರುತ್ತದೆ. ಪಕ್ಕದ ತರಗತಿಯ ಶಿಕ್ಷಕರು ಬಂದು, "ಭಾಗಾಕಾರ ನನ್ನ ಮಕ್ಕಳ ತಲೆಗೆ ಹತ್ತುತ್ತಿಲ್ಲ, ನೀವು ಹೇಗೆ ಶುರುಮಾಡ್ತೀರಿ ಮೇಡಂ?" ಎಂದು ಕೇಳಿದರೆ ಅಲ್ಲಿ ನಾಯಕತ್ವ ಹುಟ್ಟಿದೆ ಎಂದೇ ಅರ್ಥ.

ಈ ವಿಷಯವನ್ನು ನೋಡಲು ಮೈಸೂರು ತಕ್ಕ ಊರು. ಶಾಲಾ ಮೇಷ್ಟ್ರನ್ನು ಸಾರ್ವಜನಿಕ ಜೀವನದ ಹಿರಿಯರೆಂದು ಕಂಡ ಪರಂಪರೆ ಇಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ. ದಕ್ಷಿಣ ಭಾರತಕ್ಕೆಲ್ಲ ಶಿಕ್ಷಕರನ್ನು ತಯಾರುಮಾಡುವ ಸಂಸ್ಥೆ ಇಲ್ಲಿದೆ. ಕರ್ನಾಟಕದ ಪ್ರಾಥಮಿಕ ತರಗತಿಗಳ ಚಹರೆಯನ್ನೇ ಬದಲಿಸಿದ ನಲಿ-ಕಲಿ ಪದ್ಧತಿಯನ್ನು ರೂಪಿಸಿದವರು ಇದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು.

ಪರಿಕಲ್ಪನೆ

ಪದವಾಗಿ ಶಿಕ್ಷಕ ನಾಯಕತ್ವ ಬಳಕೆಗೆ ಬಂದದ್ದು 1980ರ ದಶಕದ ಅಮೆರಿಕದಲ್ಲಿ. ಅಲ್ಲಿನ ಶಾಲೆಗಳು ಸೋಲುತ್ತಿವೆ ಎಂದು 1983ರಲ್ಲಿ ರಾಷ್ಟ್ರೀಯ ಆಯೋಗವೊಂದು ಎಚ್ಚರಿಸಿತು. 1986ರಲ್ಲಿ ಕಾರ್ನೆಗಿ ವೇದಿಕೆಯ ವರದಿ, ಅನುಭವಿ ಶಿಕ್ಷಕರು ತರಗತಿಯಲ್ಲಿದ್ದುಕೊಂಡೇ ಇತರರಿಗೆ ದಾರಿ ತೋರುವಂಥ ಸ್ಥಾನಗಳು ಶಾಲೆಗಳಲ್ಲಿರಬೇಕು ಎಂದು ಸೂಚಿಸಿತು. ಒಳ್ಳೆಯ ಶಿಕ್ಷಕರು ಬಡ್ತಿ ಪಡೆದೊಡನೆ ಪಾಠದಿಂದ ದೂರವಾಗುವುದು ಅಲ್ಲಿಯೂ ಇದ್ದ ನಷ್ಟ. 1996ರಲ್ಲಿ ಮೆರಿಲಿನ್ ಕಾಟ್ಜೆನ್‌ಮೇಯರ್ ಮತ್ತು ಗೇಲ್ ಮೋಲರ್ ತಮ್ಮ ಪುಸ್ತಕದಲ್ಲಿ ಶಿಕ್ಷಕ ಸಮುದಾಯವನ್ನು ಮಲಗಿರುವ ದೈತ್ಯನಿಗೆ ಹೋಲಿಸಿದರು. ಎಬ್ಬಿಸಿದರೆ ಶಾಲೆ ಬದಲಾಗುತ್ತದೆ ಎಂಬುದು ಅವರ ವಾದ. ಶಾಲೆಯ ನಾಯಕತ್ವ ಒಬ್ಬರ ಗುಣವಲ್ಲ, ಹಲವರ ನಡುವೆ ಹಂಚಿಹೋಗಿರುವ ಕೆಲಸ ಎಂದು ಜೇಮ್ಸ್ ಸ್ಪಿಲೇನ್ ವಿವರಿಸಿದರು. ಇಂಗ್ಲೆಂಡಿನಲ್ಲಿ ಆಲ್ಮಾ ಹ್ಯಾರಿಸ್ ಮತ್ತು ಡೇನಿಯಲ್ ಮುಯ್ಸ್ ಇದೇ ಜಾಡಿನಲ್ಲಿ ಬರೆದರು.

ಹೆಸರು ಹೊಸದಾದರೂ ಆಚರಣೆ ಹಳೆಯದು. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಒಂದು ಪಾಠವನ್ನು ಕೂಡಿ ಯೋಜಿಸುತ್ತಾರೆ. ಒಬ್ಬರು ಅದನ್ನು ಕಲಿಸುವಾಗ ಉಳಿದವರು ಹಿಂದೆ ಕೂತು ಮಕ್ಕಳನ್ನು ಗಮನಿಸುತ್ತಾರೆ. ಆಮೇಲೆ ಎಲ್ಲರೂ ಸೇರಿ ಅದನ್ನು ತಿದ್ದುತ್ತಾರೆ. ಈ ಪಾಠಾಧ್ಯಯನಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಭಾರತದಲ್ಲಿ 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಶುರುವಾದ ವಿಜ್ಞಾನ ಬೋಧನಾ ಕಾರ್ಯಕ್ರಮ, ಸರ್ಕಾರಿ ಶಾಲೆಯ ಶಿಕ್ಷಕರನ್ನೇ ಸಂಪನ್ಮೂಲ ವ್ಯಕ್ತಿಗಳನ್ನಾಗಿ ಬೆಳೆಸಿ ಮೂವತ್ತು ವರ್ಷ ನಡೆಯಿತು. ಅದಕ್ಕೂ ಮೊದಲು, 1964-66ರ ಕೊಠಾರಿ ಆಯೋಗ ಅಕ್ಕಪಕ್ಕದ ಶಾಲೆಗಳನ್ನು ಒಂದು ಸಂಕೀರ್ಣವಾಗಿ ಕೂಡಿಸಿ, ಅವುಗಳ ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯುವಂತೆ ಮಾಡಬೇಕೆಂದು ಶಿಫಾರಸು ಮಾಡಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದೇ ಮಾತನ್ನು ಮತ್ತೆ ಎತ್ತಿದೆ. ಐವತ್ತು ವರ್ಷ ದಾಟಿದ ಮೇಲೂ ಒಂದು ಸಲಹೆಯನ್ನು ಮತ್ತೆ ಬರೆಯಬೇಕಾಯಿತು ಎಂದರೆ ಅದು ನಡೆದಿರುವುದು ಅಷ್ಟಕ್ಕಷ್ಟೆ ಎಂದೇ ತಿಳಿಯಬೇಕು.

ಮೈಸೂರಿನ ಮೇಷ್ಟ್ರುಗಳು

ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ತೆರೆದ ರಾಜಾ ಫ್ರೀ ಸ್ಕೂಲ್ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. ಅರಮನೆಯ ಬಕ್ಷಿಯಾಗಿದ್ದ ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಮುತುವರ್ಜಿಯಿಂದ 1881ರಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ ಬಂತು. ಶಾಲೆಗಳನ್ನು ಕಟ್ಟಿದ್ದು ಅರಮನೆ, ಮಿಷನ್, ದಾನಿಗಳು ಮತ್ತು ಸರ್ಕಾರ. ಅವುಗಳಿಗೆ ಹೆಸರು ತಂದವರು ಮಾತ್ರ ಅಲ್ಲಿ ಪಾಠ ಹೇಳಿದವರು.

ಅವರಲ್ಲಿ ಮೊದಲಿಗೆ ನೆನೆಯಬೇಕಾದವರು ಎಂ. ವೆಂಕಟಕೃಷ್ಣಯ್ಯ (1844-1933). ಗುರಿಕಾರ ಮರಿಮಲ್ಲಪ್ಪನವರ ದತ್ತಿಯಿಂದ ನಡೆದ ಮರಿಮಲ್ಲಪ್ಪ ಪ್ರೌಢಶಾಲೆಯಲ್ಲಿ ಅವರು ಬಹುಕಾಲ ಮುಖ್ಯೋಪಾಧ್ಯಾಯರಾಗಿದ್ದರು. ಮೈಸೂರಿನ ಜನ ಅವರನ್ನು ಹೆಸರಿನಿಂದ ಕರೆಯಲಿಲ್ಲ, ತಾತಯ್ಯ ಎಂದರು. ಬಡ ಹುಡುಗರಿಗೆ ಊಟ, ವಸತಿ, ಫೀಜು ಹೊಂದಿಸುವುದನ್ನು ಅವರು ಪಾಠದಷ್ಟೇ ತಮ್ಮ ಕೆಲಸವೆಂದು ಭಾವಿಸಿದ್ದರು. ತಂದೆತಾಯಿ ಇಲ್ಲದ ಮಕ್ಕಳಿಗಾಗಿ ಅನಾಥಾಲಯವನ್ನು ಸ್ಥಾಪಿಸಿದರು. ಪತ್ರಿಕೆಗಳನ್ನು ನಡೆಸಿದರು, 1908ರಲ್ಲಿ ಸಂಸ್ಥಾನ ಪತ್ರಿಕೆಗಳ ಮೇಲೆ ಬಿಗಿ ನಿಯಂತ್ರಣದ ಶಾಸನ ತಂದಾಗ ಅದಕ್ಕೆ ತಲೆಬಾಗದೆ ನಿಂತರು. ಪ್ರಜಾಪ್ರತಿನಿಧಿ ಸಭೆಯಲ್ಲಿ ಮಾತಾಡಿದರು. ಅವರ ಬಾಳನ್ನು ನೋಡಿದರೆ ಶಾಲೆಯ ಗೇಟು ಎಲ್ಲಿ ಮುಗಿಯುತ್ತದೆ, ಊರು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ನಗರದ ನಡುವಿನ ಉದ್ಯಾನವೊಂದಕ್ಕೆ ಅವರ ಹೆಸರಿದೆ. ಅದರ ಪಕ್ಕ ದಿನವೂ ಹಾಯುವ ಎಷ್ಟೋ ಮಂದಿಗೆ ಅವರು ಶಾಲಾ ಮೇಷ್ಟ್ರಾಗಿದ್ದರೆಂಬುದು ತಿಳಿಯದು, ತಿಳಿಯಬೇಕಾದದ್ದು.

ಆರ್.ಕೆ. ನಾರಾಯಣ್ ಮತ್ತು ಆರ್.ಕೆ. ಲಕ್ಷ್ಮಣ್ ಅವರ ತಂದೆ ಕೃಷ್ಣಸ್ವಾಮಿ ಅಯ್ಯರ್ ಮಹಾರಾಜಾ ಕಾಲೇಜಿಗೆ ಸೇರಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಶಿಸ್ತಿಗೆ ಹೆಸರಾದವರು. ಆ ಶಾಲೆಯ ಗ್ರಂಥಾಲಯದಲ್ಲಿ ಓದಿ ಬೆಳೆದುದನ್ನು ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಶಾಲೆಯ ಬೀರುವಿಗೆ ಬೀಗ ಹಾಕದೆ ಪುಸ್ತಕವನ್ನು ಮಕ್ಕಳ ಕೈಗೆ ಕೊಡುವುದು ಸಣ್ಣ ನಿರ್ಧಾರದಂತೆ ಕಾಣುತ್ತದೆ. ಎಷ್ಟೋ ಶಾಲೆಗಳಲ್ಲಿ ಇವತ್ತಿಗೂ ಅದನ್ನು ಯಾರೂ ತೆಗೆದುಕೊಂಡಿಲ್ಲ.

1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ಸರ್ವಪಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ, ಹೂವಿನಿಂದ ಸಿಂಗರಿಸಿದ ಅವರ ಸಾರೋಟನ್ನು ವಿದ್ಯಾರ್ಥಿಗಳು ತಾವೇ ಎಳೆದು ರೈಲು ನಿಲ್ದಾಣ ಮುಟ್ಟಿಸಿದ ಕಥೆ ಮೈಸೂರಿನಲ್ಲಿ ಎಲ್ಲರಿಗೂ ಗೊತ್ತು. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 5 ದೇಶಕ್ಕೆ ಶಿಕ್ಷಕರ ದಿನವಾದದ್ದು 1962ರಲ್ಲಿ. ಆದರೆ ಶಿಕ್ಷಕರನ್ನು ಗೌರವಿಸುವುದು ಒಂದು, ಶಾಲೆಯ ಬಗ್ಗೆ ನಿರ್ಧರಿಸುವ ಅವಕಾಶವನ್ನು ಅವರಿಗೆ ಕೊಡುವುದು ಇನ್ನೊಂದು. ಹಾರ ಹಾಕುವುದರಲ್ಲಿ ನಾವು ಎಂದೂ ಹಿಂದೆ ಬಿದ್ದಿಲ್ಲ.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮೇಷ್ಟ್ರು ಅರ್ಜಿ ಬರೆದುಕೊಡುತ್ತಿದ್ದರು, ಪತ್ರ ಓದಿ ಹೇಳುತ್ತಿದ್ದರು, ಎಷ್ಟೋ ಕಡೆ ಅಂಚೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಊರಿನ ಜಗಳಕ್ಕೆ ಅವರ ಮಾತು ನಡೆಯುತ್ತಿತ್ತು. ಆ ಗೌರವಕ್ಕೆ ಒಂದು ಕೊರತೆಯೂ ಇತ್ತು. ಓದು ಬಲ್ಲವರು ಕೆಲವೇ ಜಾತಿಗಳವರಾಗಿದ್ದ ಕಾಲದಲ್ಲಿ ಆ ಮುಂದಾಳುತನ ಶಾಲೆಯ ಜಗಲಿಯ ಹೊರಗೆ ನಿಂತ ಮಕ್ಕಳ ಪಾಲಿಗೆ ಬಹಳ ಸಲ ಒದಗಲಿಲ್ಲ. ಸಿ.ಆರ್. ರೆಡ್ಡಿಯವರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿ, ಅಂದು ಪಂಚಮರೆಂದು ಕರೆಯಲಾಗುತ್ತಿದ್ದ ಸಮುದಾಯಗಳ ಮಕ್ಕಳಿಗೆ ಸರ್ಕಾರಿ ಶಾಲೆಗಳ ಬಾಗಿಲು ತೆರೆಯಲೇಬೇಕೆಂದು ಹಟ ಹಿಡಿದದ್ದು ಈ ಹಿನ್ನೆಲೆಯಲ್ಲಿ. ಅವರೂ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ ಪ್ರಾಂಶುಪಾಲರಾಗಿದ್ದವರೇ.

ನಲಿ-ಕಲಿ

ಹೆಗ್ಗಡದೇವನಕೋಟೆ ಮೈಸೂರು ನಗರದ ನೈರುತ್ಯಕ್ಕಿರುವ ಕಾಡಂಚಿನ ತಾಲೂಕು. ಕಬಿನಿಯ ಹಿನ್ನೀರು, ಬಂಡೀಪುರ-ನಾಗರಹೊಳೆಯ ಕಾಡು, ಜೇನುಕುರುಬ ಮತ್ತು ಬೆಟ್ಟಕುರುಬ ಹಾಡಿಗಳು, ಒಬ್ಬರೋ ಇಬ್ಬರೋ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಗಳು. ಸುಗ್ಗಿಗೆ, ಕೂಲಿಗೆ, ಕೊಡಗಿನ ಕಾಫಿ ತೋಟಕ್ಕೆ ಮನೆಯವರ ಜೊತೆ ಹೋದ ಮಗು ತಿಂಗಳ ಮೇಲೆ ಶಾಲೆಗೆ ಮರಳಿದರೆ ಪಾಠ ಎಲ್ಲಿಗೋ ಹೋಗಿರುತ್ತಿತ್ತು. ಹಿಂದೆ ಬಿದ್ದ ಮಗು ಮೂಲೆಗೆ ಸರಿಯುತ್ತಿತ್ತು, ಆಮೇಲೆ ಬರುವುದನ್ನೇ ಬಿಡುತ್ತಿತ್ತು. ಒಂದೇ ಕೋಣೆಯಲ್ಲಿ ಮೂರು ನಾಲ್ಕು ತರಗತಿ ಕೂರಿಸಿಕೊಂಡ ಮೇಷ್ಟ್ರಿಗೆ, ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಪುಟದಲ್ಲಿರುತ್ತಾರೆ ಎಂದು ನಂಬಿ ಬರೆದ ಪಠ್ಯಪುಸ್ತಕ ಉಪಯೋಗಕ್ಕೆ ಬರುತ್ತಿರಲಿಲ್ಲ.

1995ರಲ್ಲಿ ಈ ತಾಲೂಕಿನ ಶಿಕ್ಷಕರ ಗುಂಪೊಂದು ಆಂಧ್ರಪ್ರದೇಶದ ಮದನಪಲ್ಲಿಯ ಹತ್ತಿರವಿರುವ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರದ ಶಾಲೆಗಳನ್ನು ನೋಡಿ ಬಂದಿತು. ಪದ್ಮನಾಭ ರಾವ್ ಮತ್ತು ರಮಾ ದಂಪತಿ ಅಲ್ಲಿ ಬಹುವರ್ಗ ತರಗತಿಗಳಿಗಾಗಿ ಕಲಿಕಾ ಕಾರ್ಡುಗಳ ಪದ್ಧತಿಯನ್ನು ರೂಪಿಸಿದ್ದರು. ಯುನಿಸೆಫ್ ನೆರವಿತ್ತು, ಇಲಾಖೆಯ ಕೆಲವು ಅಧಿಕಾರಿಗಳ ಬೆಂಬಲವಿತ್ತು. ಆದರೆ ನೋಡಿ ಬಂದದ್ದನ್ನು ಕನ್ನಡಕ್ಕೆ, ತಮ್ಮ ಊರಿಗೆ, ತಮ್ಮ ಮಕ್ಕಳಿಗೆ ಒಗ್ಗಿಸಿದ್ದು ಶಿಕ್ಷಕರು. ಕೂಡಿ ಕೂತು ಚಟುವಟಿಕೆ ಹೊಸೆದರು, ಹಾಡು ಕಟ್ಟಿದರು, ಕಾರ್ಡು ಬರೆದರು. ತರಗತಿಯಲ್ಲಿ ಆಡಿಸಿ ನೋಡಿ, ಹೊಂದದ್ದನ್ನು ಕೈಬಿಟ್ಟರು.

ಆ ಕೆಲಸದ ಗುಣ ತಿಳಿಯಬೇಕಾದರೆ ಅಕ್ಷರ ಕಲಿಸುವ ಕ್ರಮವನ್ನು ನೋಡಬೇಕು. ಅ ಆ ಇ ಈ ಎಂದು ವರ್ಣಮಾಲೆಯ ಸಾಲಿನಲ್ಲೇ ಹೋದರೆ ಮಗು ಒಂದು ಇಡೀ ಪದವನ್ನು ಓದುವ ಹೊತ್ತಿಗೆ ವಾರಗಳು ಕಳೆಯುತ್ತವೆ. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭವಾದ, ತಿರುವುಗಳಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳು ಇವು. ಈ ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮಗು ತಾನೇ ಓದುತ್ತದೆ. ಕಾಗುಣಿತ, ಒತ್ತಕ್ಷರ ಯಾವುದೂ ಬೇಡ. ಓದಿದೆ ಎಂಬ ಸಂತೋಷ ಮೊದಲ ತಿಂಗಳಲ್ಲೇ ಸಿಗುತ್ತದೆ. ಸ್ಲೇಟು ಹಿಡಿದ ಮಗುವಿನ ಪಕ್ಕ ಕೂತು ನೋಡಿದವರಿಗಲ್ಲದೆ ಇದು ಹೊಳೆಯುವಂಥದ್ದಲ್ಲ.

ಕಲಿಯಬೇಕಾದ ಒಟ್ಟು ವಿಷಯವನ್ನು ಮೈಲಿಗಲ್ಲುಗಳಾಗಿ ಒಡೆದು, ಅವನ್ನು ಕಲಿಕಾ ಏಣಿಯೆಂಬ ಪಟದಲ್ಲಿ ಜೋಡಿಸಿ ಗೋಡೆಗೆ ತೂಗುಹಾಕಲಾಗುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿಗೊಂದು ಚಿತ್ರದ ಗುರುತು. ಓದಲು ಬಾರದ ಮಗುವೂ ತನ್ನ ಗುರುತನ್ನು ಹುಡುಕಿ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಗೆ ಹೋಗುತ್ತದೆ. ತಟ್ಟೆ ಎಂದರೆ ಇಲ್ಲಿ ಗುಂಪು: ಶಿಕ್ಷಕರೇ ಕೂತು ಕಲಿಸುವ ಗುಂಪಿನಿಂದ ಹಿಡಿದು, ಜೊತೆಯ ಮಕ್ಕಳ ನೆರವಿನ ಗುಂಪು ದಾಟಿ, ತಾನೇ ಕಲಿಯುವ ಗುಂಪಿನವರೆಗೆ ಐದು. ಹದಿನೈದು ದಿನ ಬಾರದಿದ್ದ ಮಗು ಮರಳಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ. ಯಾರೂ ಅದನ್ನು ದಡ್ಡ ಎನ್ನುವಂತಿಲ್ಲ. ಸೂರಿನ ಕೆಳಗೆ ಕಟ್ಟಿದ ದಾರದ ಚಪ್ಪರದಲ್ಲಿ ಮಕ್ಕಳು ಬರೆದ ಚಿತ್ರಗಳು ತೂಗುತ್ತವೆ. ಬೆತ್ತ ಹಿಡಿದು ಕುರ್ಚಿಯಲ್ಲಿ ಕೂರುವ ಮೇಷ್ಟ್ರಿಗೆ ಈ ಕೋಣೆಯಲ್ಲಿ ಜಾಗವೇ ಇಲ್ಲ. ಅವರು ನೆಲದ ಮೇಲೆ, ತಟ್ಟೆಯಿಂದ ತಟ್ಟೆಗೆ.

ಪದ್ಧತಿ ಮೊದಲು ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೂಲಕ ಬೇರೆ ಜಿಲ್ಲೆಗಳಿಗೆ ಹರಡಿತು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿತು. ತಾಲೂಕೊಂದರ ಶಿಕ್ಷಕರು ಮಾಡಿದ್ದು ಇಡೀ ರಾಜ್ಯದ ಪದ್ಧತಿಯಾದುದು ಕರ್ನಾಟಕದ ಶಿಕ್ಷಣ ಚರಿತ್ರೆಯಲ್ಲಿ ದೊಡ್ಡ ಘಟನೆ. ಆದರೆ ಹರಡುವಾಗ ಒಂದು ಮುಖ್ಯ ವಿಷಯ ಕಳೆದುಹೋಯಿತು. ಹೆಗ್ಗಡದೇವನಕೋಟೆಯ ಶಿಕ್ಷಕರು ಕಾರ್ಡನ್ನು ಬರೆದವರು. ಉಳಿದ ಜಿಲ್ಲೆಗಳ ಶಿಕ್ಷಕರು ಕಾರ್ಡನ್ನು ಪಡೆದವರು. ಬರೆದವರಿಗೆ ಯಾವುದನ್ನು ಏಕೆ ಇಟ್ಟಿದ್ದೇವೆ ಎಂಬುದು ಗೊತ್ತಿತ್ತು, ಆದ್ದರಿಂದ ಬದಲಿಸುವ ಧೈರ್ಯವೂ ಇತ್ತು. ಪಡೆದವರಿಗೆ ಸಿಕ್ಕಿದ್ದು ತರಬೇತಿ, ಪೆಟ್ಟಿಗೆ ಮತ್ತು ಆದೇಶ. ಕರ್ನಾಟಕದ ಹಳ್ಳಿ ಶಾಲೆಗಳಲ್ಲಿ ಅಧ್ಯಯನ ನಡೆಸಿ 2012ರಲ್ಲಿ ಪುಸ್ತಕ ಪ್ರಕಟಿಸಿದ ಆರತಿ ಶ್ರೀಪ್ರಕಾಶ್ ಅವರೂ, ಮಕ್ಕಳ ಸ್ವಾತಂತ್ರ್ಯದ ಹೆಸರಿನಲ್ಲಿ ಬಂದ ಪದ್ಧತಿಗಳು ಶಿಕ್ಷಕರ ದಿನನಿತ್ಯದ ಇಕ್ಕಟ್ಟುಗಳ ನಡುವೆ ಹೇಗೆ ಬೇರೆ ರೂಪ ತಾಳುತ್ತವೆ ಎಂಬುದನ್ನು ವಿವರವಾಗಿ ತೋರಿಸಿದ್ದಾರೆ. ಹೋಂವರ್ಕ್ ಎಲ್ಲಿ, ಪುಸ್ತಕ ಎಲ್ಲಿ ಎಂದು ಕೇಳುವ ಪೋಷಕರಿಗೆ ಉತ್ತರ ಹೇಳುವ ಕೆಲಸವೂ ಶಿಕ್ಷಕರ ಮೇಲೆಯೇ ಬಿತ್ತು. ಪದ್ಧತಿಯನ್ನು ಮನಸಾರೆ ಒಪ್ಪಿದವರು ಅದನ್ನು ವಿವರಿಸಿ ಗೆದ್ದರು. ಆದೇಶವೆಂದು ನಡೆಸಿದವರು ಕಾರ್ಡನ್ನು ಬೀರುವಿಗೆ ಸೇರಿಸಿ ಹಳೆಯ ಪಾಠಕ್ಕೆ ಮರಳಿದರು.

ಸಮಾಲೋಚನಾ ಸಭೆ

ಕರ್ನಾಟಕದಲ್ಲಿ ಶಿಕ್ಷಕರು ಶಿಕ್ಷಕರಿಂದ ಕಲಿಯಲೆಂದು ಮಾಡಿರುವ ಏರ್ಪಾಡು ಕಾಗದದ ಮೇಲೆ ಚೊಕ್ಕವಾಗಿದೆ. ಅಕ್ಕಪಕ್ಕದ ಶಾಲೆಗಳು ಸೇರಿ ಒಂದು ಸಮೂಹ, ಅಂದರೆ ಕ್ಲಸ್ಟರ್. ಅದನ್ನು ನೋಡಿಕೊಳ್ಳಲು ಶಿಕ್ಷಕರೊಳಗಿಂದಲೇ ಆಯ್ಕೆಯಾದ ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ. ಅದರ ಮೇಲೆ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅದರ ಮೇಲೆ ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ಬೆಂಗಳೂರಿನಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ. ಮುಖ್ಯ ಶಿಕ್ಷಕರ ಮತ್ತು ಅಧಿಕಾರಿಗಳ ನಾಯಕತ್ವದ ತರಬೇತಿಗೆ ಧಾರವಾಡದಲ್ಲಿ ಪ್ರತ್ಯೇಕ ರಾಜ್ಯ ಸಂಸ್ಥೆಯಿದೆ. ಮೈಸೂರು ನಗರದ ಶಾಲೆಗಳು ಉತ್ತರ ಮತ್ತು ದಕ್ಷಿಣ ಎಂಬ ಎರಡು ವಲಯಗಳಲ್ಲಿ ಹಂಚಿಕೊಂಡಿವೆ.

ಈ ಏರ್ಪಾಡಿನ ಜೀವವೆಂದರೆ ಸಮೂಹದ ಸಮಾಲೋಚನಾ ಸಭೆ. ಒಂದು ಶಾಲೆಯ ಕೋಣೆಯಲ್ಲಿ ಸುತ್ತಲ ಶಾಲೆಗಳ ಶಿಕ್ಷಕರು ಸೇರುತ್ತಾರೆ. ಒಳ್ಳೆಯ ಸಿಆರ್‌ಪಿ ಇದ್ದ ಕಡೆ ಒಬ್ಬ ಶಿಕ್ಷಕಿ ತಾನು ಮಾಡಿದ ಭಿನ್ನರಾಶಿಯ ಪಟ್ಟಿಗಳನ್ನು ತಂದು ತೋರಿಸುತ್ತಾರೆ, ಇನ್ನೊಬ್ಬರು ಓದಲು ತೊಡಕುವ ಮಕ್ಕಳ ನೋಟ್‌ಬುಕ್ಕನ್ನು ಎಲ್ಲರ ಮುಂದೆ ಇಡುತ್ತಾರೆ, ಮಾದರಿ ಪಾಠ ನಡೆಯುತ್ತದೆ, ಊಟದ ಹೊತ್ತಿನಲ್ಲೂ ಅದೇ ಮಾತು. ಇಲ್ಲದ ಕಡೆ ಸುತ್ತೋಲೆ ಓದುವುದು, ಅಂಕಿಅಂಶ ಭರ್ತಿ ಮಾಡಿಸುವುದು, ಸಹಿ ಹಾಕಿಸಿಕೊಳ್ಳುವುದು. ಸಿಆರ್‌ಪಿ ಎಂಬ ಹುದ್ದೆಯೇ ಮಾರ್ಗದರ್ಶಕ ಮತ್ತು ಕಾಗದ ಒಯ್ಯುವವರ ನಡುವೆ ತೂಗಾಡುತ್ತಿದೆ.

ಹೊಸ ದಾರಿಗಳ ಪ್ರಯತ್ನವೂ ನಡೆದಿದೆ. 2010ರ ದಶಕದಲ್ಲಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರನ್ನು ಒಂದುಗೂಡಿಸಿದ ವಿಷಯ ಶಿಕ್ಷಕರ ವೇದಿಕೆ ಅಂಥದ್ದು. ಇಲಾಖೆ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ನಡೆಸಿದ ಈ ಕಾರ್ಯಕ್ರಮದಲ್ಲಿ ಶಿಕ್ಷಕರು ಕಂಪ್ಯೂಟರಿನಲ್ಲಿ ತಮ್ಮದೇ ಪಾಠ ಸಾಮಗ್ರಿ ತಯಾರಿಸಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಭಂಡಾರಕ್ಕೆ ಸೇರಿಸಿದರು. ಯಾವ ಜಿಲ್ಲೆಯ ಯಾರ ಪ್ರಶ್ನೆಗಾದರೂ ಇನ್ನೊಂದು ಜಿಲ್ಲೆಯ ಶಿಕ್ಷಕರು ಉತ್ತರಿಸಬಹುದಿತ್ತು. ನಡುವೆ ಅಧಿಕಾರಿ ಬೇಕಿರಲಿಲ್ಲ. ಆಮೇಲೆ ಬಂದ ಗುರುಚೇತನ ತರಬೇತಿ, ತನಗೆ ಬೇಕಾದ ವಿಷಯವನ್ನು ಶಿಕ್ಷಕರೇ ಆರಿಸಿಕೊಳ್ಳಬಹುದು ಎಂಬ ತತ್ತ್ವವನ್ನು ಒಪ್ಪಿತು. ಎಲ್ಲರಿಗೂ ಒಂದೇ ತರಬೇತಿ ಎಂಬ ಹಳೆಯ ರೂಢಿಗೆ ಹೋಲಿಸಿದರೆ ಇದು ಮುಂದಿನ ಹೆಜ್ಜೆ.

ಕೊರೋನಾ ಕಾಲದ ವಿದ್ಯಾಗಮವನ್ನೂ ಇಲ್ಲಿ ನೆನೆಯಬೇಕು. 2020ರ ಆಗಸ್ಟ್‌ನಲ್ಲಿ, ಶಾಲೆಗಳು ಮುಚ್ಚಿದ್ದಾಗ, ಶಿಕ್ಷಕರು ಮಕ್ಕಳಿದ್ದ ಕೇರಿಗೇ ಹೋಗಿ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಮರದ ನೆರಳಿನಲ್ಲಿ ಪಾಠ ಮಾಡಿದರು. ಫೋನು ಇಲ್ಲದ ಮನೆಯ ಮಕ್ಕಳಿಗೆ ಆಗ ಅಕ್ಷರದ ನಂಟು ಉಳಿದದ್ದು ಹಾಗೆ. ಶಿಕ್ಷಕರಿಗೂ ಸೋಂಕು ತಗಲಿ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಯಾವ ಮನೆಯಲ್ಲಿ ಯಾವ ಮಗು ಇದೆ, ಅದು ಎಲ್ಲಿಗೆ ಕೆಲಸಕ್ಕೆ ಹೋಗುತ್ತಿದೆ ಎಂಬುದು ಆ ತಿಂಗಳುಗಳಲ್ಲಿ ಶಿಕ್ಷಕರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ.

ಮೈಸೂರಿನ ಸಂಸ್ಥೆಗಳು

ಮಾನಸಗಂಗೋತ್ರಿಯ ಬದಿಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು ಎನ್‌ಸಿಇಆರ್‌ಟಿ 1963ರಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಎಂಬ ಹೆಸರಿನಲ್ಲಿ ಸ್ಥಾಪಿಸಿತು. ವಿಷಯಜ್ಞಾನ ಮತ್ತು ಬೋಧನಾ ಕಲೆಯನ್ನು ಬೇರೆ ಮಾಡದೆ ನಾಲ್ಕು ವರ್ಷ ಒಟ್ಟಿಗೆ ಕಲಿಸುವ ಪದವಿಯನ್ನು ದೇಶದಲ್ಲಿ ಮೊದಲು ನಡೆಸಿದ ಕಾಲೇಜುಗಳಲ್ಲಿ ಇದೂ ಒಂದು. ಆವರಣದೊಳಗೇ ಇರುವ ಪ್ರಾತ್ಯಕ್ಷಿಕೆ ಶಾಲೆಯಲ್ಲಿ ಭಾವೀ ಶಿಕ್ಷಕರು ಅನುಭವಿಗಳ ಪಾಠವನ್ನು ಕೂತು ನೋಡುತ್ತಾರೆ, ತ‌ಮ್ಮ ಪಾಠವನ್ನು ಅವರ ಮುಂದೆ ಮಾಡುತ್ತಾರೆ. ವಸಂತಮಹಲಿನಲ್ಲಿರುವ ಡಯಟ್ ಜಿಲ್ಲೆಯ ಶಿಕ್ಷಕರ ತರಬೇತಿಯ ಕೇಂದ್ರ. 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ ಬೇರೆ ರಾಜ್ಯಗಳ ಶಿಕ್ಷಕರಿಗೆ ದಕ್ಷಿಣದ ಭಾಷೆಗಳನ್ನು ಕಲಿಸುತ್ತದೆ. ರಾಮಕೃಷ್ಣ ಆಶ್ರಮದವರು 1953ರಲ್ಲಿ ವಿದ್ಯಾಶಾಲೆಯನ್ನೂ, ಮುಂದೆ ಶಿಕ್ಷಕರ ತರಬೇತಿಗೆ ಪ್ರತ್ಯೇಕ ಸಂಸ್ಥೆಯನ್ನೂ ಕಟ್ಟಿದರು. ಮೈಸೂರು ವೈದ್ಯಕೀಯ ಕಾಲೇಜಿನ ತರುಣರು 1984ರಲ್ಲಿ ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಜಿಲ್ಲೆಯ ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ ನಡೆಸುತ್ತಿದೆ. ಒಂದೇ ನಗರದ ಸುತ್ತ ಇಷ್ಟೆಲ್ಲ ಇರುವುದು ಅಪರೂಪ. ಇವುಗಳ ತಿಳಿವಳಿಕೆ ಪಕ್ಕದ ಬೀದಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಇನ್ನಷ್ಟು ಹರಿಯಬೇಕು.

ಅಡ್ಡಿಗಳು

ಮೊದಲನೆಯದು ಹೊತ್ತು. ಬಿಸಿಯೂಟದ ಲೆಕ್ಕ, ಹಾಲು ಮತ್ತು ಮೊಟ್ಟೆಯ ಲೆಕ್ಕ, ಸಮವಸ್ತ್ರದ ಲೆಕ್ಕ, ಮಕ್ಕಳ ವಿವರವನ್ನು ಜಾಲತಾಣಕ್ಕೆ ಏರಿಸುವುದು, ಮತಗಟ್ಟೆಯ ಕೆಲಸ, ಗಣತಿ. ಶಿಕ್ಷಣ ಹಕ್ಕು ಕಾಯ್ದೆ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆದರೂ 2025ರಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರು ಮನೆಮನೆ ತಿರುಗಿದರು. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಸಮೀಕ್ಷೆಯೂ ಬೇಕಾದದ್ದೇ. ಆದರೆ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಸಭೆಗೋ ಸಮೀಕ್ಷೆಗೋ ಹೋದರೆ, ಉಳಿದವರು ಐದು ತರಗತಿಗಳನ್ನು ಕಾಯಬೇಕೇ ಹೊರತು ಇನ್ನೊಬ್ಬರ ಪಾಠವನ್ನು ಕೂತು ನೋಡುವ ಮಾತೇ ಇಲ್ಲ.

ಎರಡನೆಯದು ಮುಖ್ಯ ಶಿಕ್ಷಕರ ಸ್ಥಾನ. ಸಣ್ಣ ಶಾಲೆಗಳಲ್ಲಿ ಹಿರಿಯ ಸಹಶಿಕ್ಷಕರೇ ಪ್ರಭಾರ ವಹಿಸಿಕೊಳ್ಳುತ್ತಾರೆ. ಪೂರ್ತಿ ಪಾಠದ ಜೊತೆಗೆ ಪೂರ್ತಿ ಕಚೇರಿ. ಬಡ್ತಿ ಬರುವುದು ಸೇವಾ ಜ್ಯೇಷ್ಠತೆಯಿಂದ. ಬೋಧನೆಯಲ್ಲಿ ಮುಂದಿರುವವರಿಗೆ ತರಗತಿ ಬಿಡದೆ ಮೇಲೇರುವ ದಾರಿ ಇಲ್ಲ. ಸಿಂಗಪುರ ಈ ಶತಮಾನದ ಆರಂಭದಲ್ಲೇ ಶಿಕ್ಷಕರಿಗೆ ಬೋಧನೆಯಲ್ಲೇ ಬೆಳೆಯುವ ಪ್ರತ್ಯೇಕ ಏಣಿ ಹಾಕಿತು. ನಮ್ಮಲ್ಲಿ ಅದು ಇನ್ನೂ ನೀತಿಯ ಮಾತಾಗಿಯೇ ಇದೆ.

ವರ್ಗಾವಣೆಯನ್ನು ಕಾಯ್ದೆ ತಂದು ಕೌನ್ಸೆಲಿಂಗ್‌ಗೆ ಒಳಪಡಿಸಿದ್ದು ವಶೀಲಿಯನ್ನು ತಗ್ಗಿಸಿತು, ಅದು ಒಳ್ಳೆಯದೇ. ಆದರೂ ಕೂಡಿ ಕೆಲಸ ಮಾಡಲು ಕಲಿತ ಒಂದು ತಂಡ ಒಂದೇ ಬೇಸಿಗೆಯಲ್ಲಿ ಚದುರಿಹೋಗುವುದನ್ನು ಯಾವ ನಿಯಮವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನು, 2001ರಿಂದ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು. ಪೋಷಕರಿಗೆ ಶಾಲೆಯ ಮೇಲೆ ಹಕ್ಕು ಕೊಟ್ಟ ಈ ಸಮಿತಿಗಳು ಶಿಕ್ಷಕರ ಜೊತೆ ನಿಂತ ಕಡೆ ಕಾಂಪೌಂಡು, ನೀರು, ಶೌಚಾಲಯ ಬಂದಿವೆ, ಮಕ್ಕಳ ಹಾಜರಿ ಹೆಚ್ಚಿದೆ. ಸ್ಥಳೀಯ ರಾಜಕೀಯ ಹೊಕ್ಕ ಕಡೆ ಶಿಕ್ಷಕರು ತಲೆತಗ್ಗಿಸಿ ತಮ್ಮ ಪಾಡಿಗೆ ತಾವಿರುವುದನ್ನು ಕಲಿತಿದ್ದಾರೆ.

ಪರಿಣಾಮದ ಪುರಾವೆ

ಶಿಕ್ಷಕ ನಾಯಕತ್ವದಿಂದ ಮಕ್ಕಳ ಕಲಿಕೆ ಎಷ್ಟು ಹೆಚ್ಚುತ್ತದೆ? 2004ರಲ್ಲಿ ಎರಡು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಜೆನಿಫರ್ ಯಾರ್ಕ್-ಬಾರ್ ಮತ್ತು ಕ್ಯಾರನ್ ಡ್ಯೂಕ್, ನಾಯಕತ್ವ ವಹಿಸಿದ ಶಿಕ್ಷಕರು ತಾವೇ ಬೆಳೆಯುತ್ತಾರೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ, ಮಕ್ಕಳ ಕಲಿಕೆಯ ಮೇಲಿನ ನೇರ ಪರಿಣಾಮಕ್ಕೆ ಮಾತ್ರ ತೆಳುವಾಗಿದೆ ಎಂದರು. 2017ರಲ್ಲಿ ಜೂಲಿಯಾನ್ ವೆನ್ನರ್ ಮತ್ತು ಟಾಡ್ ಕ್ಯಾಂಬೆಲ್ ಮತ್ತೆ ನೋಡಿದಾಗಲೂ ಆ ಕೊರತೆ ತುಂಬಿರಲಿಲ್ಲ. ಆದರೆ ಪಕ್ಕದ ಪುರಾವೆ ಬಲವಾಗಿದೆ. ಶಾಲೆಯೊಳಗಿನ ಕಾರಣಗಳಲ್ಲಿ ತರಗತಿಯ ಬೋಧನೆ ಬಿಟ್ಟರೆ ಮಕ್ಕಳ ಕಲಿಕೆಗೆ ಹೆಚ್ಚು ಮುಖ್ಯವಾದದ್ದು ನಾಯಕತ್ವ ಎಂದು ಕೆನೆತ್ ಲೀತ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ತೀರ್ಮಾನಿಸಿದರು. 2008ರಲ್ಲಿ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರ ವಿಶ್ಲೇಷಣೆ ಇನ್ನೂ ನಿಖರವಾದ ಮಾತು ಹೇಳಿತು: ಮುಖ್ಯಸ್ಥರು ಮಾಡುವ ಕೆಲಸಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ಫಲ ಕೊಡುವುದು, ಶಿಕ್ಷಕರ ಕಲಿಕೆಯನ್ನು ಪ್ರೋತ್ಸಾಹಿಸಿ ತಾವೂ ಅವರ ಜೊತೆ ಕೂತು ಕಲಿಯುವುದು.

ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ. ಅಲ್ಲಿ ಅಧಿಕಾರಿಗಳು ಪ್ರವಾಸಕ್ಕೆ, ಕಾಗದಕ್ಕೆ, ಬಣ್ಣಕ್ಕೆ ದುಡ್ಡು ಹೊಂದಿಸಿದರು, ಶಿಕ್ಷಕರಿಗೆ ಕೂಡಿ ಕೂರಲು ದಿನಗಳನ್ನು ಕೊಟ್ಟರು, ತಪ್ಪು ಮಾಡಲು ಬಿಟ್ಟರು. ಉಳಿದದ್ದನ್ನು ಶಿಕ್ಷಕರು ಮಾಡಿದರು. ಅಂಥ ದಿನಗಳು ಇವತ್ತಿನ ವ್ಯವಸ್ಥೆಯಲ್ಲೂ ಇವೆ. ಸಮೂಹದ ಸಮಾಲೋಚನಾ ಸಭೆಯ ಹೆಸರಿನಲ್ಲಿ ಆಗಲೇ ನಿಗದಿಯಾಗಿವೆ. ಸುತ್ತೋಲೆಯನ್ನು ಫೋನಿಗೆ ಕಳಿಸಿ, ಆ ಸಭೆಯನ್ನು ಪಾಠದ ಮಾತಿಗೇ ಮೀಸಲಿಡಬೇಕು; ಅಲ್ಲಿ ಏನು ಚರ್ಚೆಯಾಗಬೇಕೆಂಬುದನ್ನು ಆ ಸಮೂಹದ ಶಿಕ್ಷಕರೇ ತೀರ್ಮಾನಿಸಬೇಕು. ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಹೊಸ ಹುದ್ದೆಯೂ ಬೇಕಿಲ್ಲ. ಮೈಸೂರು ಉತ್ತರ ಮತ್ತು ದಕ್ಷಿಣ ವಲಯಗಳ ಅಧಿಕಾರಿಗಳು ಮನಸ್ಸು ಮಾಡಿದರೆ ಬರುವ ಜೂನ್ ತಿಂಗಳಿನಿಂದಲೇ ಇದನ್ನು ಶುರುಮಾಡಬಹುದು.